ಯಜಮಾನನ ನೀರಿಳಿದದ್ದು

ಏಪ್ರಿಲ್ 3, ಬುಧವಾರ

ಬಲಗೈಯನ್ನು ಈ ಹಾಳೆಯ ಮೇಲೂ ಎಡಗೈಯನ್ನು ಎದೆಯ ಮೇಲೂ ಇಟ್ಟು (ಹಾಗಾದರೆ ಬರೆಯುತ್ತಿರುವುದು ಯಾವ ಕೈ ಎಂದು ಯಾರೂ ಕೇಳಬಾರದು) ಗಂಭೀರವಾಗಿ ಒಪ್ಪಿಕೊಳ್ಳುತ್ತಿದ್ದೇನೆ: ನಾನೊಬ್ಬ ಕಳ್ಳ. ಇಂದು ಬೆಳಿಗ್ಗೆ, ಕಟ್ಟಿಕೊಂಡ ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಿಂದ ಹಳದಿ ಅಳತೆ ಟೇಪೊಂದನ್ನು ಅಪಹರಿಸಿ, ಕಾಲುಚೀಲದೊಳಗೆ ಅಡಗಿಸಿ ಕೆಲಸಕ್ಕೆ ಒಯ್ದೆ. ಬೀದಿಯ ಸೊಂಟಗಳ ಗುಟ್ಟನ್ನೆಲ್ಲ ಬಲ್ಲ ಟೇಪು ಅದು.

"ರೀ, ನನ್ನ ಟೇಪ್ ನೋಡಿದ್ರಾ?" ಎಂದಳು ಸಂಜೆ.

"ಯಾವ ಟೇಪು?"

"ಮನೇಲಿ ಎಷ್ಟು ಟೇಪ್ ಇದಾವೆ? ಇವತ್ತು ಗಿರಾಕಿ ಸೊಂಟಾನ ಲಾಡಿ ಹಿಡಿದು ಅಳೆದೆ. ಅಲ್ಲಾ, ನಿಮ್ಮ ಮುಖ ಯಾಕೆ ಹಾಗಿದೆ?"

"ಹುಟ್ಟಿದಾಗಿನಿಂದ ಹಾಗೇ ಇದೆ," ಎಂದು ತಪ್ಪಿಸಿಕೊಂಡೆ.

ಕದಿಯಲು ಕಾರಣವಿದೆ. ನಮ್ಮ ಮೇವು ಸಂಶೋಧನಾ ಕೇಂದ್ರದಲ್ಲಿ ಇಂದಿನಿಂದ ಮುಳುಗಡೆ ಪರೀಕ್ಷೆ. ಅಲ್ಲಿರುವ ಒಂದೇ ಅಳತೆಪಟ್ಟಿ ಮಣ್ಣಿನ ಮೇಡಂ ಅವರದು. ಹೊಸದಾಗಿ ಬಂದ ಮಣ್ಣು ತಜ್ಞೆಗೆ ನಾನಿಟ್ಟ ಹೆಸರು ಅದು. ಎದುರಾಳಿಯ ಅಳತೆಪಟ್ಟಿಯಿಂದ ಅಳೆಯುವುದು ಎಂದರೆ ಎದುರಾಳಿಯ ವಕೀಲನನ್ನೇ ನಮ್ಮ ಕಡೆಗೂ ಇಟ್ಟುಕೊಂಡಂತೆ.

ಹೋದ ಮಳೆಗಾಲ ಹೊಳೆಬದಿಯ ಹುಲ್ಲುಗಾವಲಿನ ಮೇಲೆ ನೀರು ವಾರಗಟ್ಟಲೆ ನಿಂತುಬಿಟ್ಟಿತು. ಬೇರಿಗೆ ಉಸಿರಾಡಲು ಗಾಳಿ ಸಿಗದೆ ಹುಲ್ಲೆಲ್ಲ ಕೊಳೆತುಹೋಯಿತು. ಹಾಲಿನ ಸಂಘದವರ ಹಸುಗಳು ಒಣಕಡ್ಡಿ ತಿಂದು ಬದುಕಿದವು, ಎಲ್ಲವೂ ಬದುಕಲಿಲ್ಲ. ಈ ಸಲ ಮಳೆಗೆ ಮುಂಚೆ ಇಡೀ ಬಯಲಿಗೆ ಹೊಸದಾಗಿ ಒಂದು ಹುಲ್ಲನ್ನು ಬಿತ್ತುತ್ತಾರೆ. ಯಾವುದನ್ನು ಎಂದು ನಾವು ಹೇಳಬೇಕು. ಹೇಳಿದ್ದು ತಪ್ಪಾದರೆ ಇನ್ನೊಂದು ಸಲ ಹೇಳುವಷ್ಟು ಹಸುಗಳು ಉಳಿಯುವುದಿಲ್ಲ.

ಕಣದಲ್ಲಿ ಇಬ್ಬರು. ಒಂದು, ನಾನು ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಎತ್ತರದ ಹುಲ್ಲು. ಮೀಸೆ ತಿರುವಿದಂತೆ ಎಲೆ ಬಿಡುತ್ತದೆ, ಅದಕ್ಕೇ ಕೇಂದ್ರದವರೆಲ್ಲ ಯಜಮಾನ ಎನ್ನುತ್ತಾರೆ. ಇನ್ನೊಂದು, ಮಣ್ಣಿನ ಮೇಡಂ ಯಾವುದೋ ಹಳ್ಳದ ಅಂಚಿನಿಂದ ಕಿತ್ತು ತಂದ ನೆಲಹಬ್ಬುವ ಹುಲ್ಲು. ನೋಡಿದರೆ ಈಗ ತಾನೆ ನಿದ್ದೆಯಿಂದೆದ್ದು ಮತ್ತೆ ಮಲಗುವ ಯೋಚನೆಯಲ್ಲಿದ್ದಂತೆ ಕಾಣುತ್ತದೆ. ಅದು ಸೋಮಾರಿ. ಇವೆರಡರ ಜೊತೆ ಹೋಲಿಕೆಗೆಂದು ಒಂದಿಷ್ಟು ಕುದುರೆ ಮೆಂತೆ. ನೀರು ನಿಂತರೆ ಆ ಮೇವಿನ ಸೊಪ್ಪು ಹೇಗೂ ಸಾಯುತ್ತದೆ, ಪಾಪ.

ಗಾಜಿನ ಮನೆಯಲ್ಲಿ ಕುಂಡಗಳನ್ನು ತೊಟ್ಟಿಯೊಳಗಿಟ್ಟು, ಮಣ್ಣಿನ ಮೇಲೆ ಒಂದು ಗೇಣು ನೀರು ನಿಲ್ಲುವ ಹಾಗೆ ತೊಟ್ಟಿಗಳ ಮೇಲೆ ಕೆಂಪು ಗೆರೆ ಎಳೆದಿದ್ದೇವೆ. ಎಲ್ಲರಿಗೂ ಒಂದೇ ಗೆರೆ. ಹಾಲಿನ ಸಂಘದ ಅಧ್ಯಕ್ಷೆ ಬಂದು ನೋಡಿದರು. ಎಲ್ಲರೂ ಅವರನ್ನು ಅಕ್ಕ ಎನ್ನುವುದರಿಂದ, ನನಗಿಂತ ಚಿಕ್ಕವರಾದರೂ, ನಾನೂ ಅಕ್ಕ ಎನ್ನುತ್ತೇನೆ.

"ಮೇಷ್ಟ್ರೇ, ಇಲ್ಲಿ ಸತ್ರೆ ನಿಮಗೊಂದು ಕುಂಡ ಹೋಗುತ್ತೆ," ಎಂದರು. "ನಮ್ಮ ಬಯಲಲ್ಲಿ ಸತ್ರೆ ಕೊಟ್ಟಿಗೆ ಖಾಲಿ. ಚೆಂದ ಇರೋದು ಬೇಡ. ಗಟ್ಟಿ ಇರೋದು ಕೊಡಿ."

"ನಮ್ಮ ಯಜಮಾನ ಎರಡೂ," ಎಂದೆ.

ಮಣ್ಣಿನ ಮೇಡಂ ನಕ್ಕರು. ಯಾಕೆ ನಕ್ಕರು? ಬರೆದಿಟ್ಟಿರುತ್ತೇನೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಯಾರೂ ನನಗೆ ಟೋಪಿ ಹಾಕಿಲ್ಲ. ಬಿಸಿಲಿನ ಟೋಪಿಯನ್ನು ಕೂಡ ನಾನೇ ಹಾಕಿಕೊಳ್ಳುತ್ತೇನೆ.

ಏಪ್ರಿಲ್ 8, ಸೋಮವಾರ

ಕುದುರೆ ಮೆಂತೆ ಮಂಡಿಯೂರಿತು. ಎಲೆ ಹಳದಿ, ಬೇರು ಕಪ್ಪು. ಕುದುರೆಯ ಹೆಸರಿಟ್ಟುಕೊಂಡ ಮಾತ್ರಕ್ಕೆ ಈಜು ಬರುವುದಿಲ್ಲ.

ಯಜಮಾನ ಮಾತ್ರ ಏನು ಠೀವಿ! ನೀರು ಮೂಗಿನ ಮಟ್ಟಕ್ಕೆ ಬಂದಿದೆ ಎಂದು ತಿಳಿದದ್ದೇ ತಡ, ಉದ್ದುದ್ದ ಬೆಳೆದು ಎಲೆಯ ತುದಿಯನ್ನು ನೀರಿನಿಂದ ಹೊರಗೆ ಚಾಚಿದ್ದಾನೆ. ಹೊರಗಿರುವ ಆ ತುದಿಯಿಂದ ಗಾಳಿ ಒಳಗಿಳಿದು, ಕಾಂಡದ ಟೊಳ್ಳಿನ ಮೂಲಕ ಬೇರಿಗೆ ಹೋಗುತ್ತದೆ. ನನ್ನ ತಲೆ ಟೊಳ್ಳು ಎಂದು ಹೆಂಡತಿ ಹೇಳುವಾಗಲೆಲ್ಲ ಈ ಉದಾಹರಣೆ ಕೊಡಬೇಕೆಂದುಕೊಳ್ಳುತ್ತೇನೆ: ಟೊಳ್ಳಿದ್ದವನೇ ಬದುಕುವುದು.

ಸೋಮಾರಿ ನೀರಿನಡಿ ತೆಪ್ಪಗೆ ಮಲಗಿದೆ. ಬೆಳೆದಿಲ್ಲ, ಏಳುವ ಪ್ರಯತ್ನವೂ ಇಲ್ಲ. ಎಲೆ ಮಾಸಿದೆ. ಹಾಗಿದ್ದೂ ಮಣ್ಣಿನ ಮೇಡಂಗೆ ಚಿಂತೆಯಿಲ್ಲ! ಬೆಳಿಗ್ಗೆ ಬಂದು ಪ್ರತಿ ತೊಟ್ಟಿಗೂ ಕೈ ಅದ್ದಿ, ಬೆರಳು ಮೂಸಿ, ಗುನುಗಿಕೊಂಡು ಹೋಗುತ್ತಾರೆ. ಸೋಲುವವರು ಗುನುಗುತ್ತಾರೆಯೇ?

"ಏನು ಮೂಸೋದು ಮೇಡಂ?" ಎಂದು ಸಹಜವೆಂಬಂತೆ ಕೇಳಿದೆ.

"ಕೊಳೆತ ಮೊಟ್ಟೆ ವಾಸನೆ ಸರ್. ಮಣ್ಣಲ್ಲಿ ಗಾಳಿ ಮುಗೀತು ಅಂತ ಅರ್ಥ. ನೀವೂ ಮೂಸಿ ನೋಡಿ."

ಎದುರಾಳಿ ಮೂಸು ಎಂದದ್ದನ್ನು ನಾನು ಮೂಸುವುದಿಲ್ಲ.

ಸೊಳ್ಳೆ ಕಾಟ ಎಂದು ಯಜಮಾನನ ತೊಟ್ಟಿಯಿಂದ ಮಧ್ಯಾಹ್ನ ಒಂದೆರಡು ಚೊಂಬು ನೀರು ಮೊಗೆದು ಚೆಲ್ಲಿದೆ. ಆರೋಗ್ಯದ ದೃಷ್ಟಿಯಿಂದ.

ಏಪ್ರಿಲ್ 9, ಮಂಗಳವಾರ

ನೀರು ಮತ್ತೆ ಕೆಂಪು ಗೆರೆಗೆ ಬಂದಿದೆ! ಟೇಪು ಹಿಡಿದೇ ನೋಡಿದೆ. ನೀರು ಕದಿಯುವವರನ್ನು ಕೇಳಿದ್ದೇನೆ. ನೀರು ತುಂಬಿಟ್ಟು ಹೋಗುವ ಕಳ್ಳರನ್ನು ಈಗ ನೋಡುತ್ತಿದ್ದೇನೆ. ಯಾರೋ ನನ್ನ ಯಜಮಾನನನ್ನು ಮುಳುಗಿಸಲು ನೋಡುತ್ತಿದ್ದಾರೆ.

ಏಪ್ರಿಲ್ 12, ಶುಕ್ರವಾರ

ಕಾವಲುಗಾರನ ವಿಚಾರಣೆ ಮಾಡಿದೆ. ಅವನ ಅಡ್ಡಹೆಸರು ಆಕಳಿಕೆ. ಕಾರಣ ಬರೆಯಬೇಕಿಲ್ಲ, ಬರೆದರೆ ನನಗೂ ಬರುತ್ತದೆ.

"ಗಾಜಿನ ಮನೆಗೆ ನಾನಿಲ್ಲದಾಗ ಯಾರು ಬರ್ತಾರೆ?"

"ಎಲ್ಲಾರೂ ಬರ್ತಾರೆ ಸಾರ್."

"ಎಲ್ಲಾರೂ ಅಂದ್ರೆ?"

"ಮೇಡಂ ಬರ್ತಾರೆ. ನಾನು ಬರ್ತೀನಿ. ಬೆಕ್ಕು ಬರುತ್ತೆ."

"ಮೇಡಂ ಬಂದು ಏನು ಮಾಡ್ತಾರೆ?"

"ಪೈಪ್ ಹಿಡೀತಾರೆ. ಬಿಸಿಲಿಗೆ ಆರಿದ ನೀರನ್ನ ಗೆರೆ ತನಕ ತುಂಬ್ತಾರೆ. ಎಲ್ಲಾ ತೊಟ್ಟಿಗೂ."

"ಎಲ್ಲಾ ತೊಟ್ಟಿಗೂನಾ? ಅವರದಕ್ಕೂ?"

"ಅವರದಕ್ಕೇ ಮೊದಲು ಸಾರ್." ದೊಡ್ಡದಾಗಿ ಆಕಳಿಸಿದ. "ಯಾಕೆ ಸಾರ್, ನೀರು ಕಡಿಮೆ ಬಿತ್ತಾ?"

ತನ್ನದಕ್ಕೂ ತುಂಬುತ್ತಾರಂತೆ. ಎಷ್ಟು ನಾಜೂಕು ನೋಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಪೆದ್ದ ಕಳ್ಳರು. ಈಕೆ ಹೆಗಲು ಮುಟ್ಟುವುದಿಲ್ಲ. ಅಂದಮೇಲೆ ಅನುಮಾನ ಪಡಲೇಬೇಕು.

ಬೆನ್ನು ನೋವು. ಬಗ್ಗಿ ಬಗ್ಗಿ ನೋಡುವುದು ಕಷ್ಟವೆಂದು, ತುದಿಯ ತೊಟ್ಟಿಯಲ್ಲಿದ್ದ ಯಜಮಾನನ ಒಂದು ಕುಂಡದ ಕೆಳಗೆ ಮನೆಯಿಂದ ತಂದ ಒಂದು ಇಟ್ಟಿಗೆ ಇಟ್ಟೆ. ಈಗ ಸ್ವಲ್ಪ ಬಗ್ಗಿದರೆ ಸಾಕು. ಪಾಚಿ ಕಟ್ಟಿ ನೀರು ಹಸಿರಾಗಿರುವುದರಿಂದ ತಳ ಕಾಣುವುದೂ ಇಲ್ಲ, ನೋಡಲು ಅಸಹ್ಯವೂ ಇಲ್ಲ.

ಏಪ್ರಿಲ್ 17, ಬುಧವಾರ

ಇಟ್ಟಿಗೆಯ ಮೇಲಿನ ಕುಂಡ ಉಳಿದವಕ್ಕಿಂತ ಹಸಿರಾಗಿ ನಳನಳಿಸುತ್ತಿದೆ. ಯಜಮಾನನಿಗೆ ನನ್ನ ದೃಷ್ಟಿ ಹತ್ತಿರದಿಂದ ಬೀಳುವುದೇ ಕಾರಣವಿರಬೇಕು. ಗಿಡಗಳಿಗೆ ಪ್ರೀತಿ ತಿಳಿಯುತ್ತದೆ ಎಂದು ಎಲ್ಲೋ ಓದಿದ್ದೆ, ಅವತ್ತು ನಕ್ಕಿದ್ದೆ. ನಗಬಾರದಿತ್ತು.

ಏಪ್ರಿಲ್ 19, ಶುಕ್ರವಾರ

ಉಳಿದ ಕುಂಡಗಳ ಯಜಮಾನರು ಸೊರಗುತ್ತಿದ್ದಾರೆ. ಒಬ್ಬನಿಗೆ ಮಣೆ ಹಾಕಿ ಉಳಿದವರನ್ನು ನೆಲದ ಮೇಲೆ ಕೂರಿಸುವುದು ಪಂಕ್ತಿಭೇದ. ವಿಜ್ಞಾನದಲ್ಲಿ ಸಮಾನತೆ ಮುಖ್ಯ. ಹಾಗಾಗಿ ಇಂದು ಎಲ್ಲ ಯಜಮಾನರಿಗೂ ಒಂದೊಂದು ಇಟ್ಟಿಗೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಮುಳುಗುತ್ತಿರುವ ಹುಲ್ಲುಕಡ್ಡಿಗೆ ಯಾರು ಆಸರೆ? ಇದನ್ನು ಯಾವ ಗಾದೆಯೂ ಯೋಚಿಸಿಲ್ಲ.

ಮನೆಯಿಂದ ಚೀಲದಲ್ಲಿ ಇಟ್ಟಿಗೆ ಹೊತ್ತು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಚೀಲದಲ್ಲಿ ಏನ್ರೀ ಅಷ್ಟು ಭಾರ?"

"ಪುಸ್ತಕ."

"ಪುಸ್ತಕ ಟಕ್ ಅಂತ ಸದ್ದು ಮಾಡುತ್ತಾ?"

"ಗಟ್ಟಿ ರಟ್ಟಿನ ಪುಸ್ತಕ."

ನಂಬಲಿಲ್ಲ. ಇಡೀ ಜಗತ್ತಿನಲ್ಲಿ ಅನುಮಾನ ಎಷ್ಟು ಹೆಚ್ಚಾಗಿದೆ! ಮನುಷ್ಯ ಮನುಷ್ಯನನ್ನು ನಂಬದ ಕಾಲ.

ಏಪ್ರಿಲ್ 24, ಬುಧವಾರ

ಪಿತೂರಿಗೆ ಸಾಕ್ಷಿ ಸಿಕ್ಕಿತು. ಮಧ್ಯಾಹ್ನ ಗಾಜಿನ ಮನೆಯ ಹಿಂದೆ ನಿಂತು ಮಣ್ಣಿನ ಮೇಡಂ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಕದ್ದು ಕೇಳಲಿಲ್ಲ. ಕಿಟಕಿಯ ಕೆಳಗೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದೆ. ಎರಡು ಬೂಟು, ಸಾವಕಾಶವಾಗಿ.

"ಹೂಂ, ಯಜಮಾನ್ರು ಭಾರೀ ಜೋರು," ಎಂದರು. "ಎದ್ದೆದ್ದು ಕುಣೀತಿದಾರೆ. ಕೂಡಿಟ್ಟದ್ದನ್ನೆಲ್ಲ ಎತ್ತರ ಬೆಳೆಯೋಕೆ ಖರ್ಚು ಮಾಡ್ಕೊಂಡು, ನೀರಿಳಿದ ಮೇಲೆ ದಬಕ್ ಅಂತ ಬೀಳ್ತಾರೆ ನೋಡ್ತಿರು. ನನ್ನ ಸೋಮಾರಿ ಸತ್ತಂಗೆ ಮಲಗಿದೆ. ಸತ್ತಿಲ್ಲ. ಇರೋದನ್ನ ಬೇರಲ್ಲಿ ಬಚ್ಚಿಟ್ಕೊಂಡು ಕಾಯ್ತಾ ಇದೆ."

ಹುಲ್ಲಿನ ಮಾತೋ ನನ್ನ ಮಾತೋ ಎಂದು ಸಂಜೆವರೆಗೂ ಯೋಚಿಸಿದೆ. ನನಗೆ ಕುಣಿಯುವ ಅಭ್ಯಾಸವಿಲ್ಲ. ಹಾಗಾಗಿ ಹುಲ್ಲಿನ ಮಾತೇ. ಆದರೆ 'ದಬಕ್' ಎನ್ನುವಾಗ ದನಿಯಲ್ಲಿದ್ದ ಆ ಖಾತರಿ? ಬೀಳುತ್ತಾನೆ ಎಂದು ಮುಂಚೆಯೇ ತಿಳಿದಿರುವವರು ಯಾರು? ಬೀಳಿಸುವವರು.

ಎರಡನೇ ಇಟ್ಟಿಗೆಯನ್ನೂ ಕೊಟ್ಟೆ. ಎಲ್ಲರಿಗೂ. ಭದ್ರತೆಯ ಕ್ರಮ.

ಏಪ್ರಿಲ್ 29, ಸೋಮವಾರ

ದೊಡ್ಡವರು ಬಂದಿದ್ದರು, ಜೊತೆಗೆ ಅಕ್ಕನೂ. ದೊಡ್ಡವರೆಂದರೆ ನಮ್ಮ ನಿರ್ದೇಶಕರು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ, ದೊಡ್ಡತನವೆಲ್ಲ ಕುರ್ಚಿಯದು. ಯಜಮಾನನ ತೊಟ್ಟಿಗಳ ಮುಂದೆ ನಿಂತು, "ಭೇಷ್! ಏನ್ರೀ ಇದು, ನೀರಲ್ಲಿದೆಯೋ ನೀರ ಮೇಲಿದೆಯೋ!" ಎಂದರು. ಸೋಮಾರಿಯ ತೊಟ್ಟಿಯ ಕಡೆ ತಿರುಗಿ, "ಇದನ್ನ ಎಸೀಬಹುದಲ್ಲ?" ಎಂದರು.

"ನೀರಿಳಿಯೋ ತನಕ ಕಾಯೋಣ ಸರ್," ಎಂದರು ಮಣ್ಣಿನ ಮೇಡಂ. "ನೀರಲ್ಲಿ ಹೇಗಿತ್ತು ಅನ್ನೋದು ಅರ್ಧ ಪರೀಕ್ಷೆ. ಬಿಸಿಲು ಬಿದ್ದಾಗ ಏಳುತ್ತಾ ಅನ್ನೋದು ಇನ್ನರ್ಧ. ದನ ಮೇಯೋದು ಆಮೇಲೆ ತಾನೇ?"

"ನಿಮ್ಮದು ಏಳುತ್ತೆ ಅಂತೀರಾ?"

"ನೋಡೋಣ ಸರ್."

'ನೋಡೋಣ' ಎನ್ನುವವರನ್ನು ನಂಬಬಾರದು. ಪ್ರಾಮಾಣಿಕ ಮನುಷ್ಯ 'ಖಂಡಿತ' ಎನ್ನುತ್ತಾನೆ. ನಾನು ಅಂದೆ.

ಹೋಗುವಾಗ ಮೇಡಂ ನನ್ನ ಪಕ್ಕ ನಿಂತು ಮೆಲ್ಲಗೆ, "ಸರ್, ನಿಮ್ಮ ತೊಟ್ಟಿ ಬಗ್ಗೆ ಒಂದು ಮಾತು ಕೇಳಬೇಕಿತ್ತು," ಎಂದರು. ನನಗೆ ಕೆಲಸವಿದೆಯೆಂದು ಸರಸರನೆ ಹೊರಟೆ. ನನ್ನ ಬಾಯಿಂದ ಗುಟ್ಟು ಹೊರಡಿಸುವ ಉಪಾಯ! ನನ್ನಲ್ಲಿ ಗುಟ್ಟಿಲ್ಲ ಎಂಬುದು ಬೇರೆ ವಿಷಯ.

ಮೇ 3, ಶುಕ್ರವಾರ

ಕೊಲೆ.

ಮೂರನೇ ತೊಟ್ಟಿಯ ಯಜಮಾನ ನೀರಿನಡಿ ಮಲಗಿದ್ದಾನೆ. ಎಲೆಯ ತುದಿ ಒಂದೂ ಹೊರಗಿಲ್ಲ. ಕೈಹಾಕಿ ತಡವಿದರೆ ಕುಂಡ ಇಟ್ಟಿಗೆಯಿಂದ ಜಾರಿ ತೊಟ್ಟಿಯ ತಳಕ್ಕೆ ಕೂತಿದೆ. ಹಸಿರು ನೀರಲ್ಲಿ ಎಷ್ಟು ದಿನದಿಂದ ಹಾಗಿತ್ತೋ. ಎಳೆದರೆ ಕಾಂಡ ಬೆಣ್ಣೆಯಂತೆ ಕೈಗೆ ಬಂತು. ಕೈ ಮೂಸಿದೆ. ಕೊಳೆತ ಮೊಟ್ಟೆ.

ಇಟ್ಟಿಗೆಯ ಮೇಲಿದ್ದ ಕುಂಡ ತಾನಾಗಿ ಜಾರುತ್ತದೆಯೇ? ಯಾರೋ ತಳ್ಳಿದ್ದಾರೆ. ಆಕಳಿಕೆಯನ್ನು ಕೇಳಿದರೆ, "ಬೆಕ್ಕು ನೀರು ಕುಡಿಯೋಕೆ ಹತ್ತುತ್ತೆ ಸಾರ್," ಎನ್ನುತ್ತಾನೆ. ಬೆಕ್ಕಿಗೆ ಸಂಬಳ ಕೊಡುವವರು ಯಾರು ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಊಟ ಸೇರಲಿಲ್ಲ. ಹೆಂಡತಿ ಮುಂದೆ ಎಲ್ಲ ಹೇಳಿಕೊಂಡೆ: ಗುನುಗು, ಮೂಸುವುದು, ಫೋನು, ಪೈಪು, ಕೊಲೆ. ಇಟ್ಟಿಗೆ ಹೇಳಲಿಲ್ಲ, ಕಥೆಗೆ ಬೇಕಿರಲಿಲ್ಲ.

"ಅಲ್ಲ, ಆ ಹುಡುಗಿ ತನ್ನ ತೊಟ್ಟಿಗೂ ಅಷ್ಟೇ ನೀರು ತುಂಬ್ತಾಳೆ ಅಂತೀರಿ. ಮತ್ತೆ ಮೋಸ ಎಲ್ಲಿ ಬಂತು?"

"ಅದೇ ಮೋಸ! ಮೋಸ ಕಾಣಿಸಬಾರದು ಅಂತ."

"ಕಾಣಿಸದೇ ಇರೋದೆಲ್ಲ ಮೋಸ ಅಂದ್ರೆ, ಗಾಳಿನೂ ಮೋಸ, ದೇವರೂ ಮೋಸ." ನನ್ನ ತಟ್ಟೆಯನ್ನು ಸರಿಸಿ ಮುಂದಿಟ್ಟಳು. "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೆ ನೊಣ ಓಡಿಸೋಕೆ ಹೋದ್ರಂತೆ. ಉಣ್ಣಿ."

ನನ್ನ ತಟ್ಟೆಯನ್ನು ಚೆನ್ನಾಗಿ ನೋಡಿದೆ. ಹೆಗ್ಗಣವಿರಲಿಲ್ಲ.

ಮೇ 7, ಮಂಗಳವಾರ

ತೀರ್ಮಾನಿಸಿದೆ. ನಾಳಿದ್ದು ದೊಡ್ಡವರು, ಅಕ್ಕ, ಸಂಘದ ಸದಸ್ಯರು ಎಲ್ಲರೂ ಬರುತ್ತಾರೆ. ಎಲ್ಲರೆದುರಿಗೇ ತೊಟ್ಟಿಗಳ ಬಿರಡೆ ಕೀಳಿಸುತ್ತೇನೆ. ಸೋಮಾರಿಯ ತೊಟ್ಟಿಯ ತಳದಲ್ಲಿ ಏನೋ ಇದೆ. ಗೊಬ್ಬರದ ಗಂಟೋ, ಗಾಳಿ ಊದುವ ಕೊಳವೆಯೋ. ಇಲ್ಲದಿದ್ದರೆ ಆಕೆಗೆ ಅಷ್ಟು ನೆಮ್ಮದಿ ಎಲ್ಲಿಂದ ಬರಬೇಕು? ಮೇಡಂ ಅವರ ನೀರಿಳಿಸುವ ದಿನ ಬಂತು.

ಹೆಂಡತಿಯನ್ನೂ ಕರೆದಿದ್ದೇನೆ. ಗಂಡನ ಚಾಣಾಕ್ಷತೆಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಲಿ.

ಮೇ 9, ಗುರುವಾರ

ನೀರು ಇಳಿಯಿತು. ನಡೆದ ಒಂದು ಸಣ್ಣ ವ್ಯತ್ಯಾಸವನ್ನು ನಾನೇ ಮುಂದೆ ಬಂದು, ಗಂಡಸಿನ ಹಾಗೆ, ಸ್ಪಷ್ಟ ದನಿಯಲ್ಲಿ ಒಪ್ಪಿಕೊಂಡೆ. ವಿಜ್ಞಾನಿಗೆ ಅಹಂಕಾರ ಸಲ್ಲದು.

ತಲೆನೋವು. ಸಾಕು.

ಮೇ 16, ಗುರುವಾರ

ಒಂದು ವಾರ ಇದನ್ನು ತೆರೆದಿರಲಿಲ್ಲ. ತೆರೆದರೆ ಮೇಲಿನ ಆ ಪುಟ ನನ್ನನ್ನೇ ನೋಡುತ್ತಿತ್ತು.

ಫಲಿತಾಂಶ ಮೊದಲು ಬರೆಯುತ್ತೇನೆ. ನೀರು ಇಳಿಸಿದ ಮೂರ್ನಾಲ್ಕು ದಿನಕ್ಕೇ ಯಜಮಾನರು ಒಬ್ಬೊಬ್ಬರಾಗಿ ಬಾಗಿದರು. ಅಷ್ಟೆತ್ತರ ಬೆಳೆದ ಮೈಯನ್ನು ಹಿಡಿದು ನಿಲ್ಲಿಸಲು ಬೇರಿನಲ್ಲಿ ಏನೂ ಉಳಿದಿರಲಿಲ್ಲ. ಬಿಸಿಲು ಬಿದ್ದಂತೆ ತುದಿಯಿಂದ ಒಣಗಿದರು. ಎರಡು ಇಟ್ಟಿಗೆಯ ಎತ್ತರದಲ್ಲಿ ಕೂತವರ ಗತಿ ಇದು. ಜಾರಿ ತಳಕ್ಕೆ ಬಿದ್ದವನು, ಅಂದರೆ ಎಲ್ಲರ ಹಾಗೆ ಒಂದು ಗೇಣು ನೀರಿನಲ್ಲಿದ್ದ ಒಬ್ಬನೇ ಒಬ್ಬ, ಮೊದಲೇ ಸತ್ತಿದ್ದ. ನಿಜವಾದ ಪರೀಕ್ಷೆ ಬರೆದವನು ಅವನೊಬ್ಬನೇ. ಅವನನ್ನು ನಾನು ಕೊಲೆ ಎಂದು ಬರೆದಿದ್ದೇನೆ.

ಸೋಮಾರಿಯ ಹಳೆಯ ಎಲೆಯೆಲ್ಲ ಕಂದಿತ್ತು. ಮಣ್ಣಿನ ಮೇಡಂ ಕತ್ತರಿ ತಂದು ಅವನ್ನೆಲ್ಲ ಕತ್ತರಿಸಿ, "ಈಗ ಏಳು ಮಾರಾಯ್ತಿ," ಎಂದರು. ಎದ್ದಿತು. ನಿನ್ನೆ ನೋಡಿದರೆ ಪ್ರತಿ ಗೆಣ್ಣಿನಲ್ಲೂ ಸೂಜಿಮೊನೆಯಂತೆ ಹಸಿರು ಚಿಗುರು. ಬುಡ ಕೆದರಿ ತೋರಿಸಿದರು: ಮಣ್ಣಿನ ಮೇಲ್ಭಾಗದಲ್ಲೇ ಹೊಸ ಬಿಳಿ ಬೇರುಗಳ ಗೊಂಚಲು. ಅಷ್ಟು ದಿನ ಮಲಗಿದಂತೆ ನಟಿಸುತ್ತ ಒಳಗೊಳಗೇ ಕೆಲಸ ಮಾಡುತ್ತಿತ್ತು. ಕಚೇರಿಗಳಲ್ಲಿ ಇದರ ತಿರುಗುಮುರುಗನ್ನೇ ನೋಡಿ ಅಭ್ಯಾಸವಾದ ನನಗೆ ಹೊಳೆಯಲಿಲ್ಲ.

ಬಯಲಿಗೆ ಸೋಮಾರಿಯನ್ನೇ ಬಿತ್ತುತ್ತಾರೆ. ಸಂಘದವರು ಗೆಣ್ಣುಗಳನ್ನು ಗೋಣಿಯಲ್ಲಿ ತುಂಬಿಕೊಂಡು ಹೋಗಲು ಶುರುಮಾಡಿದ್ದಾರೆ. ನೀರು ನಿಲ್ಲದ ದಿಬ್ಬದಂಚಿಗೆ ಬೇಕಿದ್ದರೆ ಯಜಮಾನನನ್ನೂ ಹಾಕಿಕೊಳ್ಳಬಹುದು ಎಂದು ಮಣ್ಣಿನ ಮೇಡಂ ಒಂದು ಸಾಲು ಸೇರಿಸಿದರು, ನನ್ನ ಮುಖ ನೋಡಿ.

ಅಕ್ಕ ಅದಕ್ಕೂ ಬಿಡಲಿಲ್ಲ. "ಬೇಡಪ್ಪ. ನಮ್ಮ ಬಯಲು ತಟ್ಟೆ ಥರ ಸಪಾಟು. ನಿಮ್ಮ ಯಜಮಾನನಿಗೆ ಬುಡಬುಡಕ್ಕೂ ಇಟ್ಟಿಗೆ ಎಲ್ಲಿಂದ ತರೋಣ ಮೇಷ್ಟ್ರೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕ ನಗು ನಿಲ್ಲಿಸಿ ಬೇರೆ ದನಿಯಲ್ಲಿ ಹೇಳಿದರು: "ನೀವು ಅವತ್ತು ಖಂಡಿತ ಅಂದ್ರಿ. ನಿಮ್ಮ ಮಾತು ಕೇಳಿ ನಾನು ಸಂಘದಲ್ಲಿ ಯಜಮಾನನ ಹೆಸರೇ ಹೇಳಿ ಬಂದಿದ್ದೆ. ಆ ನೀರು ಇಳಿಸದೇ ಇದ್ದಿದ್ರೆ ಅದನ್ನೇ ಬಿತ್ತಿರ್ತಿದ್ವಿ."

ನೀರಿಳಿಸಿದವನು ನಾನೇ ತಾನೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ವಾರವಿಡೀ ಅದನ್ನೇ ಮಾಡಿದೆ. ಬಿರಡೆ ಕೀಳಿಸಿದ್ದು ನಾನು, ತಪ್ಪು ಬಯಲಾದದ್ದು ನನ್ನಿಂದ, ಎದ್ದು ನಿಂತು ಒಪ್ಪಿಕೊಂಡದ್ದೂ ನಾನು. ಹೆಂಡತಿಯ ಹತ್ತಿರವೂ ಇದನ್ನೇ ಹೇಳಲು ಹೋದೆ. ಅವಳು ಬಟ್ಟೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಅಷ್ಟೆ. ಅವಳು ಅಲ್ಲೇ ಇದ್ದಳಲ್ಲ.

ಸರಿ. ಓದುವವರು ಯಾರೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವತ್ತು ಎಲ್ಲರೂ ಸುತ್ತ ನಿಂತಿದ್ದರು. "ಸೋಮಾರಿಯ ತೊಟ್ಟಿ ಮೊದಲು!" ಎಂದೆ. ಆಕಳಿಕೆ ಬಿರಡೆ ಕಿತ್ತ. ನೀರು ಗುಳುಗುಳು ಇಳಿಯಿತು. ನಾನು ತೊಟ್ಟಿಯೊಳಗೆ ಕುತ್ತಿಗೆ ಇಳಿಬಿಟ್ಟು ಕಾದೆ. ತಳ ಕಂಡಿತು. ಬರೀ ತಳ. ಕುಂಡ, ಕೆಸರು, ಒಂದು ಸತ್ತ ಸೊಳ್ಳೆ.

"ಏನು ಹುಡುಕ್ತಿದೀರಿ?" ಎಂದರು ದೊಡ್ಡವರು.

"ಏನೂ ಇಲ್ಲ ಸರ್. ಈಗ ಉಳಿದವೂ ಬಿಡಲಿ," ಎಂದೆ.

ಬಿಟ್ಟರು. ಯಜಮಾನನ ತೊಟ್ಟಿಗಳಲ್ಲಿ ನೀರು ಇಳಿಯುತ್ತ ಇಳಿಯುತ್ತ ಒಂದೊಂದರಲ್ಲೂ ಒಂದು ಚೊಕ್ಕ ಪೀಠ ಮೇಲೆದ್ದಿತು. ಎರಡೆರಡು ಇಟ್ಟಿಗೆ, ಪಾಚಿ ಹೊದ್ದುಕೊಂಡು. ಅದರ ಮೇಲೆ ನನ್ನ ಹುಲ್ಲು, ಪಟ್ಟಕ್ಕೆ ಕೂತಂತೆ.

'ನಾನೇ ಮುಂದೆ ಬಂದು ಒಪ್ಪಿಕೊಂಡೆ' ಎಂದು ಬರೆದದ್ದು ಸುಳ್ಳು. ಇಟ್ಟಿಗೆಯನ್ನು ಗುರುತು ಹಿಡಿದದ್ದು ಹೆಂಡತಿ. ಬಗ್ಗಿ ನೋಡಿ, "ರೀ, ಇದು ನಮ್ಮ ಹಿತ್ತಲಿನ ಬಟ್ಟೆ ಒಗೆಯೋ ಕಟ್ಟೆದಲ್ವಾ? ಅಲ್ಲಿ ಕಟ್ಟೆ ಕುಸಿದಿದ್ದು ಮಳೆಗಲ್ವಾ ಹಾಗಾದ್ರೆ?" ಎಂದಳು. ಸ್ಪಷ್ಟ ದನಿಯಲ್ಲಿ ಹೇಳಿದವಳು ಅವಳು. ನಾನು "ಹೂಂ" ಎಂದದ್ದು ನನಗೂ ಕೇಳಿಸಲಿಲ್ಲ.

ಅದೂ ಪೂರ್ತಿ ನಿಜವಲ್ಲ. ಅವಳು ಬಾಯಿ ಬಿಡುವ ಮೊದಲೇ ನನಗೊಂದು ದಾರಿ ಇತ್ತು. ನೀರು ಖಾಲಿಯಾದೊಡನೆ ಮಣ್ಣಿನ ಮೇಡಂ ಒಂದು ಹೆಜ್ಜೆ ಮುಂದೆ ಬಂದು, "ಸರ್, ಅದು ಅವರು ದಿಬ್ಬದ ಜಾಗಕ್ಕೆ ಅಂತ ಬೇರೆ ಎತ್ತರದಲ್ಲಿ..." ಎಂದು ದೊಡ್ಡವರಿಗೆ ಹೇಳಲು ಶುರುಮಾಡಿದ್ದರು. ದಿನಾ ಕೈ ಅದ್ದುತ್ತಿದ್ದವರಿಗೆ ಇಟ್ಟಿಗೆ ಯಾವಾಗಲೋ ತಗುಲಿತ್ತು. ನಾನು ಹಿರಿಯ, ಏನೋ ಲೆಕ್ಕಾಚಾರ ಇಟ್ಟೇ ಮಾಡಿರಬೇಕು ಎಂದು ಮೇಡಂ ಅಂದುಕೊಂಡಿದ್ದರಂತೆ. ಅದನ್ನು ಕೇಳಲೆಂದೇ ಅವತ್ತು ನನ್ನ ಪಕ್ಕ ಬಂದು ನಿಂತದ್ದು. ನಾನು ಬೆನ್ನು ತೋರಿಸಿ ಹೊರಟುಬಿಟ್ಟಿದ್ದೆ.

ಅವರ ಆ ಮಾತು ಪೂರ್ತಿಯಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಪೂರ್ತಿಯಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು, ಯಾರಿಗೂ ಮೋಸ ಹೋಗದ ನಾನು, ಒಂದು ಬೆರಳನ್ನು ಆಕಳಿಕೆಯ ಕಡೆಗೂ ಇನ್ನೊಂದನ್ನು ಮೇಡಂ ಕಡೆಗೂ ಚಾಚಿ, ಗಾಜಿನ ಮನೆ ಅದುರುವಂತೆ ಕೂಗಿಬಿಟ್ಟಿದ್ದೆ:

"ಯಾರದು? ಯಾರು ಇಟ್ಟಿದ್ದು ಈ ಇಟ್ಟಿಗೆ?"

ನಾಟಕ ಆಡಿದೆ ಎಂದೇ ಎಲ್ಲರೂ ತಿಳಿದಿದ್ದಾರೆ, ಹೆಂಡತಿ ಕೂಡ. ಹಾಗೆ ತಿಳಿದರೆ ನನಗೂ ಒಳ್ಳೆಯದೇ. ಆದರೆ ಕೂಗಿದ ಆ ಗಳಿಗೆಯಲ್ಲಿ ನಿಜವಾಗಿಯೂ ನನಗೆ ಅವರ ಮೇಲೇ ಅನುಮಾನ ಬಂದಿತ್ತು.